ಬ್ಯಾಂಡಿನ ಎರಡನೇ ಆಲ್ಬಂ: ಅಭಿಪ್ರಾಯ ಬರೆಯುವ ಮುನ್ನ ಕೇಳುವ ಬಗೆ

‘ಮೊದಲಿನಂತಿಲ್ಲ’ ಎಂದಷ್ಟೇ ಬರೆದರೆ ಓದುವವರಿಗೆ ಏನೂ ದಕ್ಕುವುದಿಲ್ಲ. ಏನು ಬದಲಾಗಿದೆ ಎಂದು ತೋರಿಸಬೇಕು. ಬ್ರಿಟಿಷ್ ರಾಕ್ ಬ್ಯಾಂಡ್ ಕೋಲ್ಡ್‌ಪ್ಲೇಯ ಎರಡನೇ ಆಲ್ಬಂ ‘ಎ ರಶ್ ಆಫ್ ಬ್ಲಡ್ ಟು ದ ಹೆಡ್’ (2002) ಇದಕ್ಕೆ ಒಳ್ಳೆಯ ಪಾಠ.

ಮೊದಲು ಅವರ ಚೊಚ್ಚಲ ಆಲ್ಬಂ ‘ಪ್ಯಾರಾಶೂಟ್ಸ್’ (2000) ಪೂರ್ತಿ ಕೇಳಿ. ಮರುದಿನ ಎರಡನೆಯದರ 11 ಹಾಡುಗಳನ್ನು ಆಲ್ಬಂನಲ್ಲಿರುವ ಕ್ರಮದಲ್ಲೇ ಕೇಳಿ. ಶಫಲ್ (ಹಾಡಿನ ಕ್ರಮ ಕಲಸುವುದು), ಈಕ್ವಲೈಜರ್ (ಬೇಸ್, ಟ್ರೆಬಲ್ ಏರಿಳಿಸುವುದು) ಎರಡೂ ಆಫ್ ಇರಲಿ. ಎರಡು ಆಲ್ಬಂಗಳಲ್ಲೂ ಗಾಯಕನ ದನಿ ಒಂದೇ ಎತ್ತರದಲ್ಲಿ ಕೇಳುವಂತೆ ವಾಲ್ಯೂಮ್ ಹೊಂದಿಸಿ. ಜೋರಾಗಿರುವುದೇ ಚೆನ್ನಾಗಿದೆ ಎಂದು ಕಿವಿ ಮೋಸಹೋಗುತ್ತದೆ. ತೀರ್ಪುಗಳು ತಪ್ಪುವುದು ಹೆಚ್ಚಾಗಿ ಇಲ್ಲೇ.

ಎರಡನೇ ಸಲ ಕೇಳುವಾಗ ಪೆನ್ನು ಹಿಡಿದು, ನಿಮಿಷ-ಸೆಕೆಂಡು ಸಮೇತ ಗುರುತು ಹಾಕಿಕೊಳ್ಳಿ. ಹಿಂದಿನ ಆಲ್ಬಂ ಮೆಲುವಾದ ಗಿಟಾರಿನಿಂದ ಶುರುವಾದರೆ, ಇಲ್ಲಿ ಮೊದಲ ಹಾಡು ‘ಪಾಲಿಟಿಕ್’ನಲ್ಲಿ ಎಲ್ಲ ವಾದ್ಯಗಳೂ ಒಟ್ಟಿಗೆ ಸುತ್ತಿಗೆಯಂತೆ ಬಡಿಯುತ್ತವೆ, ಆಮೇಲೆ ತಟ್ಟನೆ ತಗ್ಗುತ್ತವೆ. ‘ಕ್ಲಾಕ್ಸ್’ ಹಾಡಿನ ಪಿಯಾನೊವನ್ನು ಬೆರಳಲ್ಲಿ ಎಣಿಸಿ ನೋಡಿ: ತಕಿಟ ತಕಿಟ ತಕ, 3+3+2. ಪ್ರತಿ ಗುಂಪೂ ಮೇಲಿನ ಸ್ವರದಿಂದ ಕೆಳಗಿಳಿಯುತ್ತದೆ. ಡ್ರಮ್ಮಿನ ನೇರ ನಾಲ್ಕೆಣಿಕೆಯ ಮೇಲೆ ಈ ಒಡಕು ಲೆಕ್ಕ ಕೂತಿರುವುದರಿಂದಲೇ ಹಾಡು ಮುಂದಕ್ಕೆ ತಳ್ಳಿದಂತೆ ಓಡುತ್ತದೆ. ಎಷ್ಟು ಸಲ ಕೇಳಿದರೂ ಸೊಗಸು!

ವಾರ ಬಿಟ್ಟು ಮೂರನೇ ಸಲ ಕೇಳಿ, ಆಮೇಲೆ ಬರೆಯಿರಿ. ಹಿಡಿಸಿದ ಮೂರು ಜಾಗ, ಹಿಡಿಸದ ಒಂದು, ಪ್ರತಿಯೊಂದಕ್ಕೂ ಕಾರಣ. ಹಿಟ್ ಹಾಡುಗಳನ್ನಷ್ಟೇ ಕೇಳಿ ಇಡೀ ಆಲ್ಬಂಗೆ ಅಂಕ ಕೊಡಬೇಡಿ. ಕೊನೆಯ ‘ಆಮ್‌ಸ್ಟರ್‌ಡ್ಯಾಮ್’ ತಲುಪುವವರೇ ಕಡಿಮೆ, ಅದರ ಬಗ್ಗೆ ಎರಡು ಸಾಲಾದರೂ ಇರಲಿ.