ಅಡಿಕೆ ಮಂಡಿಯಿಂದ ಜೀವನಾಂಶ ವಸೂಲಿ: ನನ್ನ ಅನುಭವ

"ಮಂಡಿಯವರು ಅಡಿಕೆ ತೂಗುತ್ತಾರೋ, ನಿನ್ನ ಅರ್ಜಿ ತೂಗುತ್ತಾರೋ?" ಎಂದು ವಕೀಲರ ಸಂಘದ ಕೊಠಡಿಯಲ್ಲಿ ನಕ್ಕವರೇ ಈಗ, ಗಂಡನ ಅಡಿಕೆ ಮಾರಿಕೊಡುವ ಮಂಡಿಯಿಂದಲೇ ಜೀವನಾಂಶ ಕಟ್ಟಿಸಿ ಎಂದು ನಾನು ಹಾಕಿದ ಆ ಅರ್ಜಿಯ ನಕಲು ಕೇಳುತ್ತಿದ್ದಾರೆ. ಕೊಟ್ಟಿದ್ದೇನೆ, ಒಂದು ಪುಟ ಬಿಟ್ಟು.

ಕಕ್ಷಿದಾರಳು ಮಲೆನಾಡಿನ ಹೆಣ್ಣುಮಗಳು. ಕೌಟುಂಬಿಕ ದೌರ್ಜನ್ಯ ಕಾಯ್ದೆಯಡಿ ಅವಳಿಗೆ ಎಂಟು, ಮಗುವಿಗೆ ನಾಲ್ಕು, ಹೀಗೆ ಗಂಡ ತಿಂಗಳಿಗೆ ಹನ್ನೆರಡು ಸಾವಿರ ಜೀವನಾಂಶ ಕೊಡಬೇಕೆಂದು ಆದೇಶವಾಗಿತ್ತು. ಕೈಗೆ ಒಂದು ಕಂತೂ ಬಂದಿರಲಿಲ್ಲ. ಕಡತ ನನ್ನ ಬಳಿಗೆ ಬಂದಾಗ ಬಾಕಿ ಎರಡೂಕಾಲು ಲಕ್ಷದ ಆಸುಪಾಸಿನಲ್ಲಿತ್ತು.

ಎಲ್ಲರಂತೆ ನಾನೂ ಮೊದಲು ಎಫ್‌ಎಲ್‌ಡಬ್ಲ್ಯು, ಅಂದರೆ ಬಾಕಿಯನ್ನು ದಂಡದಂತೆ ವಸೂಲು ಮಾಡುವ ವಾರಂಟಿನ ಬೆನ್ನು ಹತ್ತಿದೆ. ನಾಲ್ಕು ಸಲ ಹೋಯಿತು, ನಾಲ್ಕು ಸಲವೂ "ಆಸಾಮಿ ಊರಿನಲ್ಲಿಲ್ಲ" ಎಂಬ ಷರಾ ಹೊತ್ತು ಮರಳಿತು. ಆಸಾಮಿ ತೋಟದಲ್ಲೇ ನಿಂತು ಅಡಿಕೆ ಗೊನೆ ಕೊಯ್ಲು ಮಾಡಿಸುತ್ತಿದ್ದ. ಇವಳು ಮಾತ್ರ ಪ್ರತಿ ವಾಯಿದೆಗೂ ಕೂಲಿ ಬಿಟ್ಟು, ಎರಡು ಬಸ್ ಬದಲಿಸಿ ಬರುತ್ತಿದ್ದಳು. ಅವಳ ದಾರಿಯಲ್ಲಿ ಓಡುವುದು ಖಾಸಗಿ ಬಸ್. ಶಕ್ತಿ ಯೋಜನೆಯ ಉಚಿತ ಟಿಕೆಟ್ ಅಲ್ಲಿ ನಡೆಯುವುದಿಲ್ಲ. ಐದನೇ ಸಲ ಹಿಡಿದು ತಂದರು. ಒಂದು ತಿಂಗಳು ಒಳಗಿದ್ದು ಗಡ್ಡ ಬಿಟ್ಟುಕೊಂಡು ಹೊರಬಂದು, "ತೀರಿತಲ್ಲ" ಎಂದ. ಜೈಲಿಗೆ ಹೋದ ಮಾತ್ರಕ್ಕೆ ಬಾಕಿ ತೀರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ, ಸರಿ. ಆದರೆ ದುಡ್ಡು?

ಆಮೇಲೆ ಬೈಕ್ ಜಪ್ತಿ ಮಾಡಿಸಿದೆ. ಸಾಗಣೆಗೆ, ಓಡಾಟಕ್ಕೆ ನಾಲ್ಕು ಸಾವಿರ ಖರ್ಚಾದ ಮೇಲೆ ಫೈನಾನ್ಸ್‌ನವರು ಸಾಲದ ಕಾಗದ ಹಿಡಿದು ಬಂದರು. ಸಾಲದ ನಮೂದಿರುವ ಆರ್‌ಸಿಯನ್ನು ತಿರುಗಿಸಿ ನೋಡದೇ ಇದ್ದದ್ದು ನನ್ನ ದಡ್ಡತನ. ಆ ನಾಲ್ಕು ಸಾವಿರವನ್ನು ಅವಳಿಂದ ಕೇಳಲಿಲ್ಲ.

ಕೊನೆಗೆ ಕೈಹಿಡಿದದ್ದು ಅದೇ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಕಲಂ 20(6). ಅದನ್ನು ಎಲ್ಲರೂ ಸಂಬಳಕ್ಕೆ ಮಾತ್ರ ಬಳಸುತ್ತಾರೆ. ಆದರೆ ಅಲ್ಲಿ ಉದ್ಯೋಗದಾತನ ಪಕ್ಕದಲ್ಲೇ ಋಣಿಯೂ ಇದ್ದಾನೆ. ಪ್ರತಿವಾದಿಗೆ ಯಾರು ಹಣ ಕೊಡಬೇಕೋ ಅವರಿಂದಲೇ ನೇರವಾಗಿ ಕಟ್ಟಿಸಬಹುದು. ಅಡಿಕೆ ಬೆಳೆಗಾರನಿಗೆ ಹಣ ಕೊಡಬೇಕಾದವರು ಮಂಡಿಯವರಲ್ಲದೆ ಇನ್ನಾರು?

ಮೊದಲ ಸಲ ಮುಖಭಂಗವಾಯಿತು. "ಅವರೇ ನಮಗೆ ಮುಂಗಡದ ಬಾಕಿ" ಎಂದು ಮಂಡಿಯವರು ಬರೆದುಕೊಟ್ಟರು, ಅದು ನಿಜವೂ ಆಗಿತ್ತು. ಎಂಟು ತಿಂಗಳು ನೀರಿಗೆ ಹೋಯಿತು. ಮುಂದಿನ ಸುಗ್ಗಿಯಲ್ಲಿ ಅವನ ಅಡಿಕೆಯ ಲಾಟು ಮಾರಾಟವಾಗಿ, ಮಾರಾಟದ ಪಟ್ಟಿ ಹಣ ಅವನಿಗೆ ಇನ್ನೂ ಬಟವಾಡೆಯಾಗದ ವಾರವನ್ನೇ ನೋಡಿ ಅರ್ಜಿ ಹಾಕಿದೆ, ಜೊತೆಗೆ ಖಾತೆ ಪುಸ್ತಕವನ್ನೂ ತರಿಸಿದೆ. ಆ ವಾರ ಯಾವುದೆಂದು ತಿಳಿದ ಬಗೆಯೇ ನಾನು ಕೊಡದ ಪುಟ.

ಎದುರು ವಕೀಲರು, ಮಂಡಿ ಬರೀ ದಲಾಲಿ, ಋಣಿಯಲ್ಲ ಎಂದು ಅರ್ಧ ಗಂಟೆ ವಾದಿಸಿದರು. ಮ್ಯಾಜಿಸ್ಟ್ರೇಟರು ಪುಸ್ತಕವನ್ನು ತಮ್ಮತ್ತ ತಿರುಗಿಸಿಕೊಂಡರು. ಮುಂಗಡ ತೀರಿತೆಂದು ಅದರ ಸಾಲಿಗೆ ಕೆಂಪು ಗೆರೆ ಎಳೆದಿತ್ತು, ಅದರ ಕೆಳಗೆ ಆರು ಚೀಲ ರಾಶಿ ಅಡಿಕೆ, ಕ್ವಿಂಟಲಿಗೆ ನಲವತ್ತಾರು ಸಾವಿರ ಚಿಲ್ಲರೆ. ಜಮಾ ಅಂಕಣದ ಮೇಲೆ ಬೆರಳಿಟ್ಟು ಗುಮಾಸ್ತರನ್ನು ಕೇಳಿದರು: "ಈ ಹಣ ಯಾರದು?"

"ಅವರದೇ ಸ್ವಾಮಿ."

ಒಂದು ಲಕ್ಷ ನಲವತ್ತು ಸಾವಿರ ನ್ಯಾಯಾಲಯಕ್ಕೆ ಜಮೆಯಾಯಿತು. ಉಳಿದದ್ದರಲ್ಲಿ ಬಹುಪಾಲು ಮುಂದಿನ ಲಾಟಿನಲ್ಲಿ ಬಂತು.

ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜೀವನಾಂಶದ ಆದೇಶವಿರುವವರಿಗೆ ಒಂದು ಮಾತು. ಹಿಂದೊಮ್ಮೆ ಹದಿನಾಲ್ಕನೇ ತಿಂಗಳಲ್ಲಿ ಅರ್ಜಿ ಹಾಕಿ, ಮೊದಲೆರಡು ತಿಂಗಳ ಬಾಕಿ ಕಳೆದುಕೊಂಡವನು ನಾನು. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 144. ಬಾಕಿ ಬಿದ್ದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬ ಗಡುವು ಹಾಗೆಯೇ ಇದೆ. ಒಂದು ಅರ್ಜಿಯನ್ನು ಜೀವಂತವಾಗಿಟ್ಟರೆ ಮುಂದಿನ ತಿಂಗಳುಗಳನ್ನು ಮಧ್ಯಂತರ ಅರ್ಜಿಯಲ್ಲಿ ಸೇರಿಸಬಹುದು. ನಮ್ಮ ರಾಜ್ಯದಿಂದ ಹೋದ ಪ್ರಕರಣದಲ್ಲೇ 2005ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿದೆ.

ಈ ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಅದು ಬೇರೊಂದು ಪ್ರಕರಣ, ಕುಟುಂಬ ನ್ಯಾಯಾಲಯದ ಡಿಕ್ರಿ. ಡಿಕ್ರಿ ಜಾರಿ ಮಾಡಿಸುವ ಅಮಲ್ಜಾರಿಯಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 54ರಡಿ ಗಂಡನ ಹೆಸರಿನ ಒಂದು ಎಕರೆ ಚಿಲ್ಲರೆ ಜಮೀನು ಜಪ್ತಿ ಮಾಡಿಸಿ, ತಹಶೀಲ್ದಾರರಿಗೆ ಬರೆಸಿ ಪಹಣಿಯಲ್ಲಿ ಋಣಭಾರ ಬರೆಯುವ 11ನೇ ಅಂಕಣದಲ್ಲಿ ಜಪ್ತಿಯ ನಮೂದು ಹಾಕಿಸಿದೆ. ಹರಾಜಿನವರೆಗೆ ಹೋಗಲೇ ಇಲ್ಲ. ಬೆಳೆಸಾಲ ನವೀಕರಿಸಲು ಸೊಸೈಟಿಗೆ ಹೋದವನಿಗೆ ಪಹಣಿ ತೋರಿಸಿ ವಾಪಸು ಕಳಿಸಿದರು. ಆ ವಾರವೇ ಡಿಡಿ ಬಂತು.

ಮಂಡಿಯ ಆಸಾಮಿ ಈ ವರ್ಷ ಅಡಿಕೆಯನ್ನು ತಮ್ಮನ ಹೆಸರಿನಲ್ಲಿ ಬೇರೆ ಮಂಡಿಗೆ ಹಾಕಿದ್ದಾನಂತೆ. ತೋಟದ ಪಹಣಿ ಇನ್ನೂ ಅವನ ಹೆಸರಿನಲ್ಲೇ ಇದೆ. ಹೊಸ ಅರ್ಜಿ ಟೈಪಾಗುತ್ತಿದೆ.