ಸ್ಟ್ರಾ ಕರಗಿಸುವ ಆ 30 ಸೆಕೆಂಡು

ಹಸುವಿಗೆ ಮೂರು ಸಲ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿದರೂ ಗಬ್ಬ ನಿಲ್ಲಲಿಲ್ಲ ಅಂದರೆ ನಾವು ಮೊದಲು ಬೈಯುವುದು ಹಸುವನ್ನು, ಆಮೇಲೆ ಹೋರಿಯನ್ನು. ನಡುವೆ ಇರುವ ಆ ಸಣ್ಣ ಸ್ಟ್ರಾ, ಅಂದರೆ ಹೋರಿಯ ವೀರ್ಯ ಹೆಪ್ಪುಗಟ್ಟಿಸಿಟ್ಟ ಕೊಳವೆ, ಹೇಗೆ ಕರಗಿತು ಅಂತ ಯಾರೂ ಕೇಳುವುದಿಲ್ಲ. ನಮ್ಮ ಕೊಟ್ಟಿಗೆಗೆ ಬಂದಿದ್ದವರೊಬ್ಬರು ಸ್ಟ್ರಾ ತೆಗೆದು ಅಂಗಿ ಜೇಬಿಗೆ ಹಾಕಿಕೊಂಡು, ನಾವು ಹಸು ಹಿಡಿದು ಕಟ್ಟುವ ತನಕ ಮಳೆ ಬೆಳೆ ಮಾತಾಡುತ್ತಾ ನಿಂತಿದ್ದರು. ಆಗ ನನಗೂ ಅದರಲ್ಲಿ ತಪ್ಪು ಕಾಣಲಿಲ್ಲ.

ದೇಶದಲ್ಲಿ ಮೊದಲ ಕೃತಕ ಗರ್ಭಧಾರಣೆ ನಡೆದದ್ದು ನಮ್ಮ ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ, 1939ರಲ್ಲಿ, ಸಂಪತ್ ಕುಮಾರನ್ ಅವರ ಕೈಯಲ್ಲಿ. ಆಗ ವೀರ್ಯ ಘನೀಕರಿಸುವ ಮಾತೇ ಇರಲಿಲ್ಲ. ಗ್ಲಿಸರಾಲ್ ಬೆರೆಸಿದರೆ ವೀರ್ಯಾಣು ಹೆಪ್ಪುಗಟ್ಟಿಯೂ ಬದುಕುತ್ತದೆ ಅಂತ ಇಂಗ್ಲೆಂಡಿನ ಪೋಲ್ಜ್ ಮತ್ತು ಜೊತೆಗಾರರು ತೋರಿಸಿದ್ದು 1949ರಲ್ಲಿ, ಅದೂ ಕೋಳಿಯ ವೀರ್ಯದಲ್ಲಿ. ಈಗ ಬೆಂಗಳೂರು ಬಳಿಯ ಹೆಸರಘಟ್ಟದ ವೀರ್ಯ ಕೇಂದ್ರದಂಥ ಕಡೆ ಹೋರಿಯ ವೀರ್ಯಕ್ಕೆ ಗ್ಲಿಸರಾಲ್, ಮೊಟ್ಟೆಯ ಹಳದಿ ಸೇರಿದ ದ್ರಾವಣ ಬೆರೆಸಿ, ನಿಧಾನವಾಗಿ ತಣಿಸಿ, ಕಾಲು ಎಂಎಲ್‌ ಸ್ಟ್ರಾದಲ್ಲಿ ತುಂಬಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿಸುತ್ತಾರೆ. ಒಂದು ಸ್ಟ್ರಾದಲ್ಲಿ ಸುಮಾರು 2 ಕೋಟಿ ವೀರ್ಯಾಣು. ಎಷ್ಟೇ ಜೋಪಾನ ಮಾಡಿದರೂ ಹೆಚ್ಚುಕಮ್ಮಿ ಅರ್ಧ ಅಲ್ಲೇ ಸಾಯುತ್ತವೆ. ಆ ಲೆಕ್ಕ ಹಿಡಿದೇ ಡೋಸ್ ತುಂಬಿರುತ್ತಾರೆ. ಕರಗಿಸುವಾಗ ನಾವು ಸಾಯಿಸುವುದು ಮಾತ್ರ ಯಾರ ಲೆಕ್ಕದಲ್ಲೂ ಇಲ್ಲ.

ಮೊದಲು ಹಸು ಕಟ್ಟಿ, ನೀರು ಕಾಯಿಸಿ, ಎಐ ಗನ್ (ವೀರ್ಯವನ್ನು ಹಸುವಿನೊಳಗೆ ಬಿಡುವ ಉದ್ದ ಕೊಳವೆ) ರೆಡಿ ಮಾಡಿ. ಸ್ಟ್ರಾ ಆಮೇಲೆ. ನೀರು 37 ಡಿಗ್ರಿ ಇರಬೇಕು, ಥರ್ಮಾಮೀಟರ್ ಇಟ್ಟೇ ನೋಡಬೇಕು. ಬೆರಳು ಅದ್ದಿ ಬೆಚ್ಚಗಿದೆ ಅನ್ನುವುದು ನಡೆಯುವುದಿಲ್ಲ, ಚಳಿಗಾಲದ ಬೆಳಿಗ್ಗೆ ಬೆರಳಿಗೆ ಎಲ್ಲವೂ ಬೆಚ್ಚಗೇ, ಅಲ್ವಾ?

ದ್ರವ ಸಾರಜನಕದ ಕ್ಯಾನಿನ ಒಳಗೆ ಸ್ಟ್ರಾ ಇಟ್ಟಿರುವ ಬುಟ್ಟಿಯನ್ನು ಕತ್ತಿನವರೆಗೆ ಮಾತ್ರ ಎತ್ತಿ, ಹೊರಗೆ ತರಬೇಡಿ. ಚಿಮಟದಲ್ಲಿ ಒಂದೇ ಸ್ಟ್ರಾ ಹಿಡಿದು ಬೇಗ ತೆಗೆಯಿರಿ. ಹತ್ತು ಸೆಕೆಂಡಿಗೆ ಸಿಗಲಿಲ್ಲವಾ, ಬುಟ್ಟಿ ಕೆಳಗಿಳಿಸಿ, ತಣಿಯಲು ಬಿಟ್ಟು ಮತ್ತೆ ನೋಡಿ. ಯಾಕೆಂದರೆ ಸ್ಟ್ರಾ ಸುಮಾರು ಮೈನಸ್ 130 ಡಿಗ್ರಿ ದಾಟಿ ಬಿಸಿಯಾಗತೊಡಗಿದರೆ ಒಳಗಿನ ಸಣ್ಣ ಸಣ್ಣ ಮಂಜಿನ ಹರಳು ಒಂದಕ್ಕೊಂದು ಸೇರಿ ದಪ್ಪ ಆಗುತ್ತವೆ, ವೀರ್ಯಾಣುವಿನ ಪೊರೆ ಹರಿಯುತ್ತದೆ. ಮೇಲೆತ್ತಿ ಮೇಲೆತ್ತಿ ಹುಡುಕುವ ಕ್ಯಾನಿನಲ್ಲಿ ನೀವು ತೆಗೆದ ಸ್ಟ್ರಾ ಮಾತ್ರ ಅಲ್ಲ, ಪಕ್ಕದ ಮನೆ ಹಸುವಿಗೆ ಹೋಗಬೇಕಾದ ಸ್ಟ್ರಾಗಳೂ ಕೆಡುತ್ತವೆ.

ತೆಗೆದ ಕೂಡಲೇ ನೀರಿಗೆ ಹಾಕಿ, 30 ಸೆಕೆಂಡ್ ಬಿಡಿ. ಜೇಬು, ಕಂಕುಳು ಯಾಕೆ ಬೇಡ ಅಂದರೆ ಅಲ್ಲಿ ನಿಧಾನ ಕರಗುತ್ತದೆ, ದಪ್ಪ ಹರಳಿಗೆ ಬೇಕಾದದ್ದೇ ಆ ನಿಧಾನ. ಕರಗಿದ ಮೇಲೆ ಸ್ಟ್ರಾ ಒರೆಸಿ. ಸುಮ್ನೆ ಶಾಸ್ತ್ರಕ್ಕೆ ಅಲ್ಲ, ಒಂದು ಹನಿ ನೀರು ಒಳಗೆ ಹೋದರೂ ವೀರ್ಯಾಣು ನೀರು ಕುಡಿದು ಊದಿಕೊಂಡು ಸಾಯುತ್ತವೆ. ಅದರ ಮೇಲಿನ ಹೋರಿ ನಂಬರ್, ತಳಿ ಓದಿ ಬರೆದಿಟ್ಟುಕೊಳ್ಳಿ. ಗಾಳಿಗುಳ್ಳೆ ಸೀಲ್ ಮಾಡಿದ ತುದಿಗೆ ಬರುವಂತೆ ಕೊಡವಿ, ಹತ್ತಿ ಇರುವ ತುದಿಯನ್ನು ಗನ್ ಒಳಗಿಟ್ಟು, ಸೀಲ್ ತುದಿಯನ್ನು ನೇರವಾಗಿ ಕತ್ತರಿಸಿ. ಗನ್ ತಣ್ಣಗಿದ್ದರೆ ಮೊದಲೇ ಕೈಯಲ್ಲಿ ಉಜ್ಜಿ ಬೆಚ್ಚಗೆ ಮಾಡಿರಿ. ಹತ್ತು ಹದಿನೈದು ನಿಮಿಷದೊಳಗೆ ಕೆಲಸ ಮುಗಿಯಬೇಕು. ಕರಗಿದ್ದನ್ನು ವಾಪಸ್ ಕ್ಯಾನಿಗೆ ಹಾಕುವ ಯೋಚನೆಯೇ ಬೇಡ.

ಈ ಆತುರ ಡಿಎನ್‌ಎ ದೆಸೆಯಿಂದ ಕೂಡ. ವೀರ್ಯಾಣುವಿನ ತಲೆಯೊಳಗೆ ಡಿಎನ್‌ಎಯನ್ನು ಪ್ರೋಟಮಿನ್ ಅನ್ನುವ ಪ್ರೋಟೀನು ಬಿಗಿಯಾಗಿ ಸುತ್ತಿಟ್ಟಿರುತ್ತದೆ, ಹೊರೆ ಹುಲ್ಲನ್ನು ಹಗ್ಗ ಬಿಗಿದು ಕಟ್ಟಿದ ಹಾಗೆ. ಹಾಗಾಗಿ ಹೋರಿಯ ವೀರ್ಯದಲ್ಲಿ ಕರಗಿದ ಕ್ಷಣಕ್ಕೆ ಡಿಎನ್‌ಎ ಒಡೆದದ್ದು ಜಾಸ್ತಿ ಕಾಣುವುದಿಲ್ಲ. ಆದರೆ ಸತ್ತ ವೀರ್ಯಾಣುಗಳಿಂದ ಹುಟ್ಟುವ ಆಕ್ಸಿಡೀಕಾರಕಗಳು ಬದುಕಿರುವವನ್ನು ಕೊರೆಯುತ್ತಲೇ ಇರುತ್ತವೆ, ಬೆಚ್ಚಗೆ ಹೊತ್ತು ಕಳೆದಂತೆ ಎಳೆಗಳು ತುಂಡಾಗುತ್ತಾ ಹೋಗುತ್ತವೆ. ವೀರ್ಯಾಣುವಿಗೆ ತನ್ನ ಡಿಎನ್‌ಎ ರಿಪೇರಿ ಮಾಡಿಕೊಳ್ಳಲು ಬರುವುದಿಲ್ಲ. ಅಂಡಾಣು ಒಂದಿಷ್ಟು ತೇಪೆ ಹಾಕುತ್ತದೆ, ಎಲ್ಲವನ್ನೂ ಅಲ್ಲ. ಮೋಸ ಆಗುವುದು ಇಲ್ಲೇ: ಡಿಎನ್‌ಎ ಒಡೆದ ವೀರ್ಯಾಣುವೂ ಚೆನ್ನಾಗಿ ಈಜಬಲ್ಲದು, ಅಂಡದೊಳಗೆ ಹೊಗಲೂಬಹುದು. ಮೈಕ್ರೋಸ್ಕೋಪಿನಲ್ಲಿ ನೋಡಿದವರಿಗೆ ಎಲ್ಲ ಸರಿ. ಭ್ರೂಣ ಮಾತ್ರ ಎಂಟು, ಹದಿನಾರು ಕೋಶ ಆಗುವ ಹೊತ್ತಿಗೆ, ಅಂದರೆ ತನ್ನದೇ ಜೀನುಗಳನ್ನು ನಂಬಿ ಬೆಳೆಯಬೇಕಾದಾಗ, ನಿಂತುಬಿಡಬಹುದು. ನಮಗೆ ಕಾಣುವುದು ಇಷ್ಟೇ, 21ನೇ ದಿನಕ್ಕೆ ಹಸು ಮತ್ತೆ ಬೆದೆಗೆ ಬಂತು.

ಇನ್ನೊಂದು, ಘನೀಕರಿಸಿದ ವೀರ್ಯಾಣುವಿನ ಆಯಸ್ಸು ತಾಜಾ ಇರುವುದಕ್ಕಿಂತ ಕಡಿಮೆ. ಬೆದೆ ಮುಗಿದು ಸುಮಾರು ಹತ್ತು ಹನ್ನೆರಡು ಗಂಟೆಗೆ ಅಂಡ ಬಿಡುಗಡೆ ಆಗುತ್ತದೆ, ಅದಕ್ಕಿಂತ ತುಂಬ ಮೊದಲೇ ಹಾಕಿಸಿದರೆ ಕಾದು ಕಾದು ಸಾಯುತ್ತವೆ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಹಾಕಿಸಿ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಬೆದೆಯಲ್ಲಿ ಹಸು ಹಾಕುವ ಲೋಳೆ ಕನ್ನಡಿಯಂತೆ ತಿಳಿಯಾಗಿರಬೇಕು. ಕೀವು ಬೆರೆತಂತಿದ್ದರೆ ಸ್ಟ್ರಾ ತೆಗೆಯುವುದೇ ಬೇಡ, ಮೊದಲು ಗರ್ಭಕೋಶಕ್ಕೆ ಔಷಧಿ ಮಾಡಿಸಿ.