ಚಿಕ್ಕ ರಿವಾಲ್ವರ್‌ಗೆ ಯಾವ ತೋಟಾ?

ಹೋದ ಬೇಸಿಗೆಯಲ್ಲಿ ತಿಪಟೂರಿನ ಕೊಬ್ಬರಿ ವ್ಯಾಪಾರಿಯೊಬ್ಬರು ತುಮಕೂರಿನ ನಮ್ಮ ಮನೆಗೆ ಬಂದಿದ್ದರು. ನಾನು ಪೊಲೀಸ್ ಮೀಸಲು ಪಡೆಯಲ್ಲಿ ಬಹಳ ವರ್ಷ ಆರ್ಮರರ್ ಆಗಿದ್ದವನು. ಬಂದೂಕು ಬಿಚ್ಚುವುದು, ಒರೆಸುವುದು, ರಿಪೇರಿ ಮಾಡುವುದು, ತೋಟಾಗಳ ಲೆಕ್ಕ ಇಡುವುದು, ಇದೇ ಕೆಲಸ. ನಿವೃತ್ತಿಯಾದ ಮೇಲೂ ಲೈಸೆನ್ಸ್ ಇರುವ ಪರಿಚಯದವರು ಏನಾದರೂ ಕೇಳಿಕೊಂಡು ಬರುತ್ತಿರುತ್ತಾರೆ.

ಅವರು ಟವೆಲ್ ಬಿಚ್ಚಿ ಮೇಜಿನ ಮೇಲೆ ಇಟ್ಟಿದ್ದು ಅರ್ಧ ಕೆಜಿಯಷ್ಟು ತೂಕದ ಹೊಸ .32 ರಿವಾಲ್ವರ್. (.32 ಅಂದರೆ ಬೋರ್, ಬ್ಯಾರೆಲ್‌ನ ತೂತಿನ ಅಂದಾಜು ಅಳತೆ, ಇಂಚಿನಲ್ಲಿ.) ತಂದೆಯ ಕಾಲದ ಹಳೆಯ ಪಿಸ್ತೂಲನ್ನು ಅನುಮತಿ ಪಡೆದು ಮಾರಿ, ಜೇಬಿಗೆ ಹಗುರ ಅಂತ ಇದನ್ನು ಕೊಂಡಿದ್ದರು. ಜೊತೆಗೆ ಒಂದು ತಗಡಿನ ಡಬ್ಬಿ. ಅದರಲ್ಲಿ ಎರಡು ಜಾತಿಯ ತೋಟಾ ಬೆರೆತಿದ್ದವು.

‘ಎರಡೂ ಮೂವತ್ತೆರಡೇ ಅಲ್ವಾ ಸಾರ್? ಎರಡೂ ಒಳಗೆ ಹೋಗ್ತವೆ, ಹಾಕಿ ನೋಡ್ದೆ’ ಅಂದರು.

ನನಗೆ ಎದೆ ಧಸಕ್ಕೆಂದಿತು. ಒಳಗೆ ಹೋಗುತ್ತದೆ ಅನ್ನುವುದೇ ಇಲ್ಲಿನ ಅಪಾಯ. ಅವರಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಇದು ಲೈಸೆನ್ಸ್ ಇದ್ದವರಿಗೆ ಮಾತ್ರ. ನಮ್ಮ ಜಿಲ್ಲೆಯಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳು. 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ನಿಯಮಗಳ ಪ್ರಕಾರ ಅದು ನಡೆಯುತ್ತದೆ.

ಮೊದಲು ಪದ ತಿಳಿದುಕೊಳ್ಳೋಣ

ನಾವು ಮಾತಿನಲ್ಲಿ ಎಲ್ಲವನ್ನೂ ಗುಂಡು ಅಂದುಬಿಡುತ್ತೇವೆ. ಅಂಗಡಿಯಲ್ಲಿ ಕೊಳ್ಳುವುದು ತೋಟಾ, ಅಂದರೆ ಕಾಟ್ರಿಡ್ಜ್. ಅದರಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೇಸ್, ತಳದ ನಡುವೆ ಕೂರಿಸಿದ, ಕಿಡಿ ಕೊಡುವ ಕ್ಯಾಪ್, ಒಳಗಿನ ಮದ್ದು, ತುದಿಯಲ್ಲಿರುವ ಗುಂಡು. ಹಾರಿ ಹೋಗುವುದು ಗುಂಡು ಮಾತ್ರ. ಮುಂದೆ ಓದುವಾಗ ಈ ವ್ಯತ್ಯಾಸ ಬೇಕಾಗುತ್ತದೆ.

ಹೆಸರನ್ನು ಕೊನೆಯ ಅಕ್ಷರದವರೆಗೂ ಓದಿ

ರಿವಾಲ್ವರ್ ಖಾಲಿ ಮಾಡಿ, ಖಾಲಿ ಇದೆ ಅಂತ ಎರಡು ಸಲ ನೋಡಿ. ಆಮೇಲೆ ಬ್ಯಾರೆಲ್ ಮೇಲೋ ಫ್ರೇಮ್ ಮೇಲೋ ಕೊರೆದಿರುವ ಅಕ್ಷರ ಓದಿ. ‘.32’ ಅಂತ ಓದಿ ನಿಲ್ಲಿಸಬೇಡಿ. ಅದರ ಮುಂದೆ ಏನಿದೆ ಅನ್ನುವುದೇ ಮುಖ್ಯ.

ನಮ್ಮ ದೇಶದಲ್ಲಿ ಸಾಮಾನ್ಯರಿಗೆ ಸಿಗುವ ಚಿಕ್ಕ ರಿವಾಲ್ವರ್‌ಗಳು ಜಾಸ್ತಿ .32 ಬೋರ್‌ನವು. 9 ಎಂಎಂ, .38ರಂಥವು ನಿಷೇಧಿತ ಬೋರ್‌ನ ಪಟ್ಟಿಯಲ್ಲಿವೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ 2014ರಲ್ಲಿ ಬಂದ ‘ನಿರ್ಭೀಕ್’ ಹೀಗೆ ಟೈಟಾನಿಯಂ ಮಿಶ್ರಲೋಹದಲ್ಲಿ ಮಾಡಿದ ಅರ್ಧ ಕೆಜಿ ಆಸುಪಾಸಿನ ರಿವಾಲ್ವರ್. ಇವಕ್ಕೆ ಬೇಕಾದ ತೋಟಾ ‘.32 ಸ್ಮಿತ್ ಆಂಡ್ ವೆಸನ್ ಲಾಂಗ್’. ನಮ್ಮಲ್ಲಿ ಇದನ್ನೇ 7.65 x 23 ಎಂಎಂ ಅಂತಲೂ ಬರೆಯುತ್ತಾರೆ. 1896ರಿಂದ ಇರುವ ತೋಟಾ ಇದು. ಇನ್ನೊಂದು ‘.32 ಎಸಿಪಿ’, ಅಂದರೆ 7.65 x 17 ಎಂಎಂ. ಜಾನ್ ಬ್ರೌನಿಂಗ್ ಪಿಸ್ತೂಲಿಗಾಗಿ ಮಾಡಿದ್ದು, 1899ರದ್ದು. ನಮ್ಮ ‘ಅಶನಿ’ ಪಿಸ್ತೂಲಿಗೆ ಹಾಕುವುದು ಇದನ್ನೇ.

ಎರಡನ್ನೂ ಅಕ್ಕಪಕ್ಕ ಮೇಜಿನ ಮೇಲೆ ನಿಲ್ಲಿಸಿ ತೋರಿಸಿದೆ. ರಿವಾಲ್ವರ್ ತೋಟಾದ ಕೇಸ್ ಉದ್ದ, ತಳದಲ್ಲಿ ಬಟ್ಟಲಿನ ಪಾದದ ಹಾಗೆ ಅಗಲವಾದ ಅಂಚು. ಆ ಅಂಚು ಸಿಲಿಂಡರ್‌ನ, ಅಂದರೆ ತೋಟಾ ತುಂಬುವ ತಿರುಗು ಉರುಳೆಯ, ಹಿಂಭಾಗಕ್ಕೆ ತಾಗಿ ತೋಟಾವನ್ನು ಹಿಡಿದು ನಿಲ್ಲಿಸುತ್ತದೆ. ಪಿಸ್ತೂಲಿನದು ಗಿಡ್ಡ. ಅಂಚು ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು, ಅಂಚಿನ ಮೇಲೆ ಸುತ್ತಲೂ ಒಂದು ಕಾಲುವೆ. ಕಣ್ಣಿಗೆ ಅನುಮಾನ ಬಂದರೆ ಸ್ಕೇಲ್ ಇಟ್ಟು ಅಳೆಯಿರಿ. ಕೇಸ್‌ನ ಉದ್ದದಲ್ಲಿ 6 ಎಂಎಂ ವ್ಯತ್ಯಾಸ ಕಾಣುತ್ತದೆ.

ಗಿಡ್ಡ ತೋಟಾ ಉದ್ದದ ತೋಟಾದ ಮನೆಯೊಳಗೆ, ಅಂದರೆ ಚೇಂಬರ್‌ಗೆ, ಸಲೀಸಾಗಿ ಜಾರುತ್ತದೆ. ಆದರೆ ಒತ್ತಡದ ಲೆಕ್ಕ ಬೇರೆ. ರಿವಾಲ್ವರ್ ತೋಟಾಕ್ಕೆ ನಿಗದಿಯಾದ ಗರಿಷ್ಠ ಒತ್ತಡ ಚದರ ಇಂಚಿಗೆ 15,000 ಪೌಂಡ್. ಎಸಿಪಿಯದು 20,500. ಮೂರನೇ ಒಂದು ಪಾಲಿಗಿಂತಲೂ ಹೆಚ್ಚಿನ ಏರಿಕೆ. ಹಗುರ ಮಾಡಲೆಂದು ಲೋಹ ಉಳಿಸಿ ಮಾಡಿದ ರಿವಾಲ್ವರ್‌ನಲ್ಲಿ ಇಂಥ ಪ್ರಯೋಗ ಬೇಡವೇ ಬೇಡ. ಅಂಗೈಯಲ್ಲಿರುವ ವಸ್ತು ಸೀಳಿದರೆ ಹೋಗುವುದು ನಿಮ್ಮ ಬೆರಳು.

ಸುಮಾರು 250 ಗ್ರಾಂ ತೂಕದ ‘ನಿಡರ್’ನಂಥ .22 ರಿವಾಲ್ವರ್ ಇದ್ದವರಿಗೆ ಒಂದು ಮಾತು. .22ರಲ್ಲಿ ತಳದ ನಡುವೆ ಬೇರೆ ಕ್ಯಾಪ್ ಇರುವುದಿಲ್ಲ. ಸಿಡಿಯುವ ಮದ್ದು ಅಂಚಿನೊಳಗೇ ಇರುತ್ತದೆ. ಅದಕ್ಕೇ .32ಕ್ಕಿಂತ ಇದರಲ್ಲಿ ಟುಸ್ಸೆನ್ನುವುದು ಜಾಸ್ತಿ. ತೋಟಾ ಹೊಸದಿರಲಿ, ಒಂದೇ ಕಂಪನಿಯದಿರಲಿ.

ಹಗುರವಾದದ್ದು ಜಾಸ್ತಿ ಒದೆಯುತ್ತದೆ

ಇದನ್ನು ಜನ ಉಲ್ಟಾ ತಿಳಿದಿರುತ್ತಾರೆ. ಚಿಕ್ಕದು, ಹಗುರ, ಹಾಗಾಗಿ ಹೊಡೆಯುವುದು ಸುಲಭ ಅಂತ. ಕಲ್ಲು ದಾರಿಯಲ್ಲಿ ತುಂಬಿದ ಗಾಡಿಗಿಂತ ಖಾಲಿ ಗಾಡಿಯೇ ಜಾಸ್ತಿ ಎಗರುತ್ತದೆ ಅಲ್ವಾ? ಹಾಗೇ ಇದೂ. ಒಂದೇ ತೋಟಾವನ್ನು 750 ಗ್ರಾಂ ರಿವಾಲ್ವರ್‌ನಲ್ಲೂ 500 ಗ್ರಾಂ ರಿವಾಲ್ವರ್‌ನಲ್ಲೂ ಹೊಡೆದರೆ, ಹಗುರವಾದದ್ದರ ಒದೆತದ ಶಕ್ತಿ ಒಂದೂವರೆ ಪಟ್ಟು. ಹಿಡಿಯೂ ಚಿಕ್ಕದು, ಕಿರುಬೆರಳಿಗೆ ಜಾಗವೇ ಇರುವುದಿಲ್ಲ. ಮೊದಲ ಗುಂಡು ಹಾರಿದ ಮೇಲೆ ಬ್ಯಾರೆಲ್ ಮೇಲಕ್ಕೆದ್ದು, ಮತ್ತೆ ಗುರಿಗೆ ತರುವಷ್ಟರಲ್ಲಿ ಹೊತ್ತಾಗುತ್ತದೆ.

ಆದ್ದರಿಂದ ‘ಪವರ್ ಜಾಸ್ತಿ ಇರೋದು ಕೊಡಿ’ ಅಂತ ಕೇಳಬೇಡಿ. .32 ಲಾಂಗ್‌ನ ಸಾಮಾನ್ಯ ತೋಟಾದಲ್ಲಿ 98 ಗ್ರೇನ್ ತೂಕದ, ಅಂದರೆ ಆರು ಗ್ರಾಂಗಿಂತ ಸ್ವಲ್ಪ ಹೆಚ್ಚಿನ ಗುಂಡು ಇರುತ್ತದೆ. ಸೌಮ್ಯವಾದ ತೋಟಾ. ನನ್ನ ಪ್ರಕಾರ ಹಗುರ ರಿವಾಲ್ವರ್‌ಗೆ ಅದೇ ಸರಿಯಾದ ಜೋಡಿ. ಡಬ್ಬಿಯ ಮೇಲೆ ‘ಪ್ಲಸ್ ಪಿ’ ಅಂತಿದ್ದರೆ ಮಾಮೂಲಿಗಿಂತ ಜಾಸ್ತಿ ಒತ್ತಡದ್ದು ಅಂತ ಅರ್ಥ. ನಿಮ್ಮ ರಿವಾಲ್ವರ್‌ನ ಪುಸ್ತಕದಲ್ಲಿ ಹಾಕಬಹುದು ಅಂತ ಬರೆದಿಲ್ಲದಿದ್ದರೆ ಮುಟ್ಟಬೇಡಿ.

ಇನ್ನೊಂದು ತೊಂದರೆ ಇದೆ, ಹೊಸಬರಿಗೆ ಗೊತ್ತೇ ಇರುವುದಿಲ್ಲ. ಪ್ರತಿ ಸಲ ರಿವಾಲ್ವರ್ ಹಿಂದಕ್ಕೆ ಒದ್ದಾಗ, ಇನ್ನೂ ಹಾರದ ತೋಟಾಗಳ ಕೇಸ್ ಅದರ ಜೊತೆ ಹಿಂದೆ ಹೋಗುತ್ತದೆ. ತುದಿಯ ಗುಂಡು ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಗುಂಡನ್ನು ಕೇಸ್ ಗಟ್ಟಿಯಾಗಿ ಕಚ್ಚಿರದಿದ್ದರೆ ಅದು ಕೂದಲೆಳೆಯಷ್ಟು ಕೂದಲೆಳೆಯಷ್ಟು ಹೊರಗೆ ಬರುತ್ತದೆ. ಸಿಲಿಂಡರ್‌ನ ಬಾಯಿ ದಾಟಿ ಚಾಚಿತೋ, ಸಿಲಿಂಡರ್ ತಿರುಗುವುದೇ ಇಲ್ಲ. ಭಾರದ ರಿವಾಲ್ವರ್‌ನಲ್ಲಿ ಸುಮ್ನೆ ಇರುವ ತೋಟಾ ಹಗುರವಾದದ್ದರಲ್ಲಿ ಹೀಗೆ ಮಾಡಬಹುದು. .32ರಲ್ಲಿ ಅಪರೂಪ. ಆದರೂ ಪರೀಕ್ಷೆ ಮಾಡಿಯೇ ನಂಬಬೇಕು.

ಪರೀಕ್ಷೆ ಹೀಗೆ. ಫೈರಿಂಗ್ ರೇಂಜ್‌ನಲ್ಲಿ ಒಂದು ತೋಟಾ ತೆಗೆದುಕೊಳ್ಳಿ. ಗುಂಡು ಮತ್ತು ಕೇಸ್ ಸೇರುವ ಗೆರೆಯ ಮೇಲೆ ಮಾರ್ಕರ್ ಪೆನ್ನಿನಲ್ಲಿ ಸಣ್ಣ ಅಡ್ಡಗೆರೆ ಎಳೆಯಿರಿ, ಅರ್ಧ ಹಿತ್ತಾಳೆಗೆ, ಅರ್ಧ ಸೀಸಕ್ಕೆ. ಸೂಕ್ಷ್ಮವಾಗಿ ಅಳೆಯುವ ವರ್ನಿಯರ್ ಇದ್ದರೆ ಉದ್ದ ಅಳೆದು ಬರೆದಿಡಿ. ಅದನ್ನು ಕೊನೆಯದಾಗಿ ಹಾರುವ ಹಾಗೆ ತುಂಬಿ. ಉಳಿದ ಐದನ್ನು ಹೊಡೆದು ಇದನ್ನು ಹೊರತೆಗೆದು ನೋಡಿ. ಗೆರೆ ಒಡೆದು ನಡುವೆ ಸೀಸದ ಹೊಸ ಹೊಳಪು ಕಂಡರೆ, ಅಥವಾ ಉದ್ದ ಬೆಳೆದಿದ್ದರೆ, ಆ ಲಾಟ್, ಅಂದರೆ ಒಟ್ಟಿಗೆ ತಯಾರಾದ ಆ ತಂಡದ ತೋಟಾ, ನಿಮ್ಮ ರಿವಾಲ್ವರ್‌ಗಲ್ಲ.

ಗುಂಡಿನ ಆಕಾರ

ಇಲ್ಲಿ ಅಂಗಡಿಯಲ್ಲಿ ಆಯ್ಕೆ ಕಡಿಮೆ. ದುಂಡು ಮೂತಿಯ ಸೀಸದ್ದು ಅಥವಾ ತಾಮ್ರದ ಕವಚದ್ದು ಸಿಗುತ್ತದೆ. ತುದಿಯಲ್ಲಿ ಕುಳಿ ಇರುವ ಹಾಲೋ ಪಾಯಿಂಟ್ ಬಗ್ಗೆ ಯೂಟ್ಯೂಬ್ ನೋಡಿ ಕೇಳುವವರು ಬಹಳ. ಅದು ಅರಳಬೇಕಾದರೆ ವೇಗ ಬೇಕು. ಗಿಡ್ಡ ಬ್ಯಾರೆಲ್‌ನಲ್ಲಿ ಗುಂಡು ವೇಗ ಪಡೆಯುವಷ್ಟರಲ್ಲಿ ಹೊರಗೆ ಬಂದಿರುತ್ತದೆ. ಚಿಕ್ಕ .32ರಲ್ಲಿ ಅದನ್ನು ನೆಚ್ಚಿಕೊಳ್ಳಲಾಗದು.

ಎಸಿಪಿ ಪಿಸ್ತೂಲಿನವರಿಗೆ ಇನ್ನೂ ಒಂದು ಕಾರಣ ಇದೆ. ಹಾಲೋ ಪಾಯಿಂಟ್ ತೋಟಾ ಸಾಮಾನ್ಯವಾಗಿ ಸ್ವಲ್ಪ ಗಿಡ್ಡ. ಪಿಸ್ತೂಲಿನ ತೋಟಾ ತುಂಬುವ ಡಬ್ಬಿಯಲ್ಲಿ, ಅಂದರೆ ಮ್ಯಾಗಜಿನ್‌ನಲ್ಲಿ, ಹಿಂದೆ ಮುಂದೆ ಆಡಲು ಅದಕ್ಕೆ ಜಾಗ ಸಿಗುತ್ತದೆ. ಹಾಗೆ ಆಡಿ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು, ಬೆರಳಲ್ಲಿ ಒತ್ತಿದರೂ ಬಿಡುವುದಿಲ್ಲ. ಪೂರ್ತಿ ಉದ್ದದ, ದುಂಡು ಮೂತಿಯ ಕವಚದ ಗುಂಡೇ ಇದಕ್ಕೆ ವಾಸಿ.

ಕವಚದ ಗುಂಡು ತಗಡಿನ ಬಾಗಿಲು, ತೆಳು ಗೋಡೆ ತೂರಿ ಆಚೆಗೂ ಹೋಗಬಲ್ಲದು. ನಮ್ಮ ಪೇಟೆ ಬೀದಿಗಳಲ್ಲಿ ಮನೆಗೆ ಮನೆ ಅಂಟಿಕೊಂಡಿರುತ್ತದೆ. ಆಚೆ ಯಾರಿದ್ದಾರೆ ಅನ್ನುವುದನ್ನು ಯಾವ ತೋಟಾ ಹಾಕಿದರೂ ಮರೆಯುವ ಹಾಗಿಲ್ಲ.

ಕೊಳ್ಳುವಾಗ

ಲೈಸೆನ್ಸ್ ಪುಸ್ತಕ ತೆಗೆದುಕೊಂಡು ಹೋಗಿ. ಒಮ್ಮೆಗೆ ಎಷ್ಟು, ವರ್ಷಕ್ಕೆ ಎಷ್ಟು ಅಂತ ಅದರಲ್ಲೇ ಬರೆದಿರುತ್ತದೆ. ಕೊಂಡದ್ದನ್ನು ಡೀಲರ್ ಅದರಲ್ಲಿ ನಮೂದಿಸಬೇಕು. ನಮೂದಾಗದ ಒಂದು ತೋಟಾ ಕೂಡ ಮನೆಗೆ ತರಬೇಡಿ. ಸ್ನೇಹಿತರಿಂದ ನಾಲ್ಕು ಸಾಲ ಪಡೆಯುವುದು, ಕೊಡುವುದು ಎರಡೂ ಅಪರಾಧ.

ಸರ್ಕಾರಿ ಕಾರ್ಖಾನೆಯ ತೋಟಾ ಆದರೆ ತಳದಲ್ಲಿ ‘ಕೆಎಫ್’ ಅನ್ನುವ ಅಕ್ಷರ ನೋಡಬಹುದು. ಪುಣೆ ಪಕ್ಕದ ಖಡ್ಕಿ ಕಾರ್ಖಾನೆಯ ಗುರುತು ಅದು, 1869ರಷ್ಟು ಹಳೆಯ ಕಾರ್ಖಾನೆ. 2021ರ ಅಕ್ಟೋಬರ್‌ನಿಂದ ಅದು ಮ್ಯೂನಿಷನ್ಸ್ ಇಂಡಿಯಾ ಕಂಪನಿಯ ಕೆಳಗಿದೆ. ಡಬ್ಬಿಗಳ ಲಾಟ್ ನಂಬರ್ ಒಂದೇ ಇರಲಿ. ಒಂದೊಂದೇ ತೋಟಾ ಬೆಳಕಿಗೆ ಹಿಡಿದು ನೋಡಿ. ಕೇಸ್ ಜಜ್ಜಿದ್ದರೆ, ಹಸಿರು ಕಿಲುಬು ಇದ್ದರೆ, ಕ್ಯಾಪ್ ತಳಕ್ಕಿಂತ ಉಬ್ಬಿದ್ದರೆ, ಗುಂಡು ಬೆರಳಲ್ಲಿ ತಿರುಗಿದರೆ ಅದನ್ನು ಪಕ್ಕಕ್ಕಿಡಿ. ಉಬ್ಬಿದ ಕ್ಯಾಪ್ ಹಿಂದಿನ ಫ್ರೇಮ್‌ಗೆ ಉಜ್ಜಿ ಸಿಲಿಂಡರ್ ತಿರುಗದಂತೆ ಮಾಡುತ್ತದೆ.

ಹೊಡೆದು ನೋಡಿ, ಆಮೇಲೆ ನಂಬಿ

ಕೊಂಡ ತೋಟಾವನ್ನು ಬೀರುವಿನಲ್ಲಿಟ್ಟು ಹತ್ತು ವರ್ಷ ಮರೆಯುವವರೇ ಜಾಸ್ತಿ. ತೋಟದಲ್ಲಿ, ಮದುವೆ ಮನೆಯಲ್ಲಿ ಹಾರಿಸಿ ನೋಡುವವರೂ ಇದ್ದಾರೆ. ಸಂಭ್ರಮಕ್ಕೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಭ್ಯಾಸಕ್ಕೆ ಅನುಮತಿ ಇರುವ ರೇಂಜ್‌ಗೇ ಹೋಗಬೇಕು. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಯ ಬಗ್ಗೆ ಎಸ್‌ಪಿ ಕಚೇರಿಯಲ್ಲಿ ವಿಚಾರಿಸಿ.

ಏಳು ಮೀಟರ್ ದೂರದಲ್ಲಿ ಊಟದ ತಟ್ಟೆಯಷ್ಟು ಗುರಿ ಇಡಿ. ಒಂದೊಂದೇ ನಿಧಾನವಾಗಿ ಹೊಡೆಯಿರಿ. ಟ್ರಿಗರ್ ಎಳೆದಾಗ ಸದ್ದು ಬಾರದಿದ್ದರೆ ಬ್ಯಾರೆಲ್ ಗುರಿಯ ಕಡೆಗೇ ಇರಲಿ, ಒಂದು ನಿಮಿಷ ಕಾಯಿರಿ. ಮದ್ದು ತಡವಾಗಿ ಹತ್ತಿಕೊಳ್ಳಬಹುದು. ಸದ್ದು ‘ಪುಸ್’ ಅಂತ ಸಣ್ಣಗೆ ಬಂದರೆ ಅದು ಇನ್ನೂ ಅಪಾಯ. ಗುಂಡು ಬ್ಯಾರೆಲ್ ನಡುವೆಯೇ ನಿಂತಿರಬಹುದು. ಅಲ್ಲಿಗೇ ನಿಲ್ಲಿಸಿ. ಖಾಲಿ ಮಾಡಿ, ಬ್ಯಾರೆಲ್‌ನಲ್ಲಿ ಬೆಳಕು ಕಾಣುವವರೆಗೆ ಇನ್ನೊಂದು ಹೊಡೆಯಬೇಡಿ. ಒಂದು ಡಬ್ಬಿ ತಕರಾರಿಲ್ಲದೆ ಹಾರಿ, ಗುಂಡುಗಳು ತಟ್ಟೆಯೊಳಗೇ ಬಿದ್ದರೆ ಅದೇ ನಿಮ್ಮ ತೋಟಾ. ಮುಂದೆಯೂ ಅದನ್ನೇ ಕೊಳ್ಳಿ.

ಜೇಬು, ಬೆವರು, ಬಿಸಿಲು

ಜೇಬಿನಲ್ಲಿ ಬೆವರಿದೆ, ದಾರದ ಧೂಳಿದೆ, ಚಿಲ್ಲರೆ ಇದೆ. ಟ್ರಿಗರ್ ಮುಚ್ಚುವ ಜೇಬಿನ ಹೋಲ್‌ಸ್ಟರ್ ಇಲ್ಲದೆ ರಿವಾಲ್ವರ್ ಇಟ್ಟುಕೊಳ್ಳಬೇಡಿ. ಆ ಜೇಬಿನಲ್ಲಿ ಬೇರೆ ಏನೂ ಬೇಡ. ತೋಟಾಕ್ಕೆ ಎಣ್ಣೆ ಸವರಬೇಡಿ. ತುಕ್ಕು ಬಿಡಿಸುವ ತೆಳು ಎಣ್ಣೆ ಸಂದಿಯಲ್ಲಿ ಇಳಿದು ಕ್ಯಾಪನ್ನು ಕೊಲ್ಲುತ್ತದೆ. ಒಣ ಬಟ್ಟೆ ಸಾಕು. ಪಾವಗಡದ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ತೋಟಾ ಬಿಟ್ಟು ಹೋಗುವುದೂ ಬೇಡ.

ಪಿಸ್ತೂಲಿನವರು ಬೆಳಗ್ಗೆ ತುಂಬಿ ರಾತ್ರಿ ಖಾಲಿ ಮಾಡುವಾಗ ಮೇಲಿನ ಅದೇ ತೋಟಾ ದಿನಾ ಚೇಂಬರ್‌ಗೆ ಬಡಿಯುತ್ತದೆ. ಗುಂಡು ನಿಧಾನವಾಗಿ ಕೇಸ್‌ನೊಳಕ್ಕೆ ಕುಸಿಯುತ್ತದೆ, ಒತ್ತಡ ಏರುತ್ತದೆ. ಹೊಸದರ ಪಕ್ಕ ನಿಲ್ಲಿಸಿದರೆ ಗಿಡ್ಡವಾಗಿದ್ದು ಕಾಣುತ್ತದೆ. ಅಂಥದ್ದನ್ನು ಹೊಡೆಯಬಾರದು.

ಚುನಾವಣೆ ಬಂದಾಗ ಆಯುಧವನ್ನು ಠಾಣೆಯಲ್ಲೋ ಡೀಲರ್ ಬಳಿಯೋ ಠೇವಣಿ ಇಡಬೇಕಾಗುತ್ತದೆ. ವಾಪಸ್ ತಂದ ದಿನವೇ ತೋಟಾಗಳನ್ನು ಎಣಿಸಿ, ಒರೆಸಿ, ಕಿಲುಬು ನೋಡಿ. ವರ್ಷಕ್ಕೊಮ್ಮೆ ಜೇಬಿನ ಆರನ್ನು ರೇಂಜ್‌ನಲ್ಲಿ ಹೊಡೆದು ಮುಗಿಸಿ, ಹೊಸ ಆರು ತುಂಬಿಕೊಳ್ಳಿ.

ತಿಪಟೂರಿನವರ ಡಬ್ಬಿಯಲ್ಲಿ ಎಸಿಪಿ ತೋಟಾ ಹನ್ನೊಂದು ಇದ್ದವು. ಪಿಸ್ತೂಲು ಮಾರಿದಾಗಲೇ ಅವನ್ನೂ ಕೊಟ್ಟುಬಿಡಬೇಕಿತ್ತು. ಕೆರೆಗೆ ಎಸೆಯಲೇ ಅಂತ ಕೇಳಿದರು. ಬೇಡ ಅಂದೆ, ಮಕ್ಕಳ ಕೈಗೋ ದನ ಮೇಯಿಸುವವರ ಕೈಗೋ ಸಿಕ್ಕರೆ? ಒಂದು ಹಾಳೆಯ ಮೇಲೆ ಲೈಸೆನ್ಸ್ ನಂಬರ್, ತೋಟಾದ ಹೆಸರು, ಸಂಖ್ಯೆ ಬರೆದು ಮನವಿ ಮಾಡಿಕೊಂಡರು. ಮಾರನೆಯ ದಿನ ಅವರ ಠಾಣೆಯಲ್ಲಿ ಒಪ್ಪಿಸಿ, ಸಹಿ ಮತ್ತು ಸೀಲು ಇರುವ ಸ್ವೀಕೃತಿ ಪಡೆದು, ಅದರ ಫೋಟೊ ನನಗೆ ಕಳಿಸಿದರು. ಸಂಖ್ಯೆಯ ಜಾಗದಲ್ಲಿ 11 ಅಂತ ಅಂಕಿಯಲ್ಲೂ ಅಕ್ಷರದಲ್ಲೂ ಇತ್ತು.